ಅತ್ತಿಗೆಯ ಕೊಬ್ಬರಿ ಎಣ್ಣೆ, ನನ್ನ ಗಂಡನ ಜ್ವರ

ನನ್ನ ಗಂಡನಿಗೆ ಎದೆ ನೋವು ಬಂದ ಸುದ್ದಿ ನನಗೆ ತುರುವೇಕೆರೆ ಕಡೆಯಿಂದ ಬಂತು. ಅವರು ಕೂತಿದ್ದದ್ದು ನಮ್ಮದೇ ತೋಟದ ಪಂಪ್‌ಸೆಟ್ ಮನೆಯ ಕಟ್ಟೆಯ ಮೇಲೆ. ನಾನಿದ್ದದ್ದು ಹಿತ್ತಲಿನಲ್ಲಿ, ಕೂಗಿದರೆ ಕೇಳಿಸುವಷ್ಟು ಹತ್ತಿರ. ಅವರು ಕೂಗಲಿಲ್ಲ. ಜೇಬಿನಿಂದ ಫೋನು ತೆಗೆದು ತುರುವೇಕೆರೆ ಕಡೆಗೆ ಕೊಟ್ಟಿರುವ ತಮ್ಮ ಅಕ್ಕನಿಗೆ ಮಾಡಿದರು. ಅಕ್ಕ ನನಗೆ ಮಾಡಿದರು. "ನಿನ್ ಗಂಡಂಗೆ ಎದೆ ಹಿಡ್ಕೊಂಡೈತಂತೆ, ಪಂಪ್‌ಸೆಟ್ ತಾವ ಕೂತವ್ನೆ, ಹೋಗಿ ನೋಡೇ," ಎಂದರು. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. ಓಡುವಾಗ ಹೆದರಿಕೆಯಿದ್ದದ್ದು ನಿಜ. ಅದರ ಜೊತೆಗೇ ಹೊಟ್ಟೆಯೊಳಗೆ ಉರಿಯೂ ಎದ್ದಿತ್ತು. ಜೀವ ಹೋಗುವ ಹೊತ್ತಿನಲ್ಲೂ ಈ ಮನುಷ್ಯನಿಗೆ ಮೊದಲು ನೆನಪಾಗುವುದು ಅಕ್ಕ, ಆಮೇಲೆ ನಾನು ಎಂಬ ಉರಿ.

ಈ ಅಕ್ಕನನ್ನು ನಾನು ಅತ್ತಿಗೆ ಎಂದು ಕರೆಯುತ್ತೇನೆ. ನನ್ನ ಗಂಡ ಹುಟ್ಟಿದ ಮೇಲೆ ಅವರ ತಾಯಿ ಹಾಸಿಗೆ ಬಿಟ್ಟು ಏಳಲಿಲ್ಲವಂತೆ. ಆಗ ಲಂಗ ಹಾಕುವ ವಯಸ್ಸಿನ ಅತ್ತಿಗೆಯೇ ಕೂಸನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದರು. ಕೂಸಿನ ಹೊಕ್ಕುಳು ಒಣಗಲಿ ಎಂದು ಕೊಬ್ಬರಿ ಎಣ್ಣೆಗೆ ಅರಿಶಿನ ಹಾಕಿ ಬಿಸಿ ಮಾಡಿ ಹಚ್ಚಿದವರೂ ಅವರೇ. ಇದನ್ನು ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕೇಳಿದೆ, ಆಮೇಲೆ ಪ್ರತಿ ಹಬ್ಬದಲ್ಲೂ ಕೇಳಿದೆ, ಈಗಲೂ ಕೇಳುತ್ತೇನೆ. ಹೊಕ್ಕುಳಿಂದಲೇ ಹಕ್ಕು ಸ್ಥಾಪಿಸಿಕೊಂಡವರ ಮುಂದೆ ತಾಳಿ ಕಟ್ಟಿಸಿಕೊಂಡವಳು ಏನು ಹೇಳಬೇಕು?

ಗೌರಿ ಹಬ್ಬಕ್ಕೆ ಅಕ್ಕನಿಗೆ ಸೀರೆ ತರಲು ನನ್ನ ಗಂಡ ತಾವೇ ತಿಪಟೂರಿಗೆ ಹೋಗುತ್ತಾರೆ. ಬಣ್ಣ ನೋಡಿ, ಅಂಚು ನೋಡಿ, ಅಂಗಡಿಯವನಿಗೆ ತಲೆನೋವು ಬರುವಷ್ಟು ಹೊತ್ತು ಆರಿಸುತ್ತಾರೆ. ನನಗಾದರೆ ದುಡ್ಡು ಕೈಗಿಟ್ಟು ನೀನೇ ತಗೋ ಎನ್ನುತ್ತಾರೆ. ನಾನು ಮಾಡಿದ ಉಪ್ಸಾರನ್ನು ಮಾತಾಡದೆ ಉಣ್ಣುತ್ತಾರೆ. ಅಕ್ಕ ಮಾಡಿದ್ದನ್ನು ಮಾತ್ರ ಉಂಡ ಮೇಲೂ ಕೈ ತೊಳೆಯದೆ ಕೂತು ಹೊಗಳುತ್ತಾರೆ. ಇನ್ನು ಕರೆಯುವ ವಿಷಯ. ದಿನಕ್ಕೆ ಎಷ್ಟು ಸಲ ಬೇಕಾದರೂ ಅವರ ಬಾಯಲ್ಲಿ ಅಕ್ಕ ಎಂಬ ಶಬ್ದ ಬರುತ್ತದೆ. ನನ್ನನ್ನು ಮಾತ್ರ 'ಲೇ' ಎನ್ನುತ್ತಾರೆ, ಜನ ಇದ್ದರೆ 'ಇವಳೇ' ಎನ್ನುತ್ತಾರೆ. ನಮ್ಮ ಕಡೆ ಆ ಕಾಲದ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ, ಅದೇನೂ ನನ್ನೊಬ್ಬಳ ಕಥೆಯಲ್ಲ. ಆದರೂ ನಮ್ಮಪ್ಪ ಆಸೆಪಟ್ಟು ಇಟ್ಟ ಹೆಸರೊಂದು ರೇಷನ್ ಕಾರ್ಡಿನಲ್ಲೇ ಮುದುಕಿಯಾಗುತ್ತಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಎದೆ ನೋವಿನ ದಿನ ಪಕ್ಕದ ತೋಟದವರ ಕಾರಿನಲ್ಲಿ ಅವರನ್ನು ಮೊದಲು ತಿಪಟೂರಿಗೆ, ಅಲ್ಲಿಂದ ತುಮಕೂರಿಗೆ ಕರೆದುಕೊಂಡು ಹೋದೆವು. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಆಂಜಿಯೋಗ್ರಾಮ್ ಮಾಡಬೇಕು, ಬೇಕಾದರೆ ಅಲ್ಲೇ ಸ್ಟೆಂಟ್ ಹಾಕುತ್ತೇವೆ ಎಂದರು. ಮಣಿಕಟ್ಟಿನಿಂದ ತೂರಿಸಲು ನೋಡಿದರಂತೆ, ನಾಳ ಸಣ್ಣದಾಗಿ ಸುತ್ತಿಕೊಂಡಿತ್ತಂತೆ. ಕೊನೆಗೆ ತೊಡೆಯ ಸಂದಿನಿಂದ ನಳಿಕೆ ತೂರಿಸಿ ಹೃದಯದವರೆಗೆ ಕಳಿಸಿ ಸ್ಟೆಂಟ್ ಕೂರಿಸಿದರು. ಹೊರಗೆ ತಂದಾಗ ಅವರು ಮಂಕಾಗಿದ್ದರು, ಆದರೆ ಮುಖಕ್ಕೆ ಬಣ್ಣ ಬಂದಿತ್ತು.

ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ. ಆಸ್ಪತ್ರೆಯ ಆ ದಿನಗಳು ನನಗೆ ಚೆನ್ನಾಗಿದ್ದವು. ಅತ್ತಿಗೆಗೆ ಮಂಡಿ ನೋವು ಜೋರಾಗಿದ್ದರಿಂದ ತುಮಕೂರಿಗೆ ಬರಲಾಗಲಿಲ್ಲ. ನಮ್ಮ ಮಗಳು ಅರಸೀಕೆರೆಯಲ್ಲಿ ಬಾಣಂತಿ. ಹಾಗಾಗಿ ಗಂಡನ ಹಾಸಿಗೆಯ ಪಕ್ಕದ ಸ್ಟೂಲು ನನ್ನೊಬ್ಬಳದಾಗಿತ್ತು. ಕಾಲು ಮಡಿಸಬಾರದು, ತಲೆ ಎತ್ತಬಾರದು ಎಂದು ಮಲಗಿಸಿದ್ದರಿಂದ ನಾನೇ ಚಮಚದಲ್ಲಿ ಗಂಜಿ ಕುಡಿಸಿದೆ. ಬೇರೆ ದಾರಿಯಿಲ್ಲದೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಹೊತ್ತು ಅವರು ನನ್ನ ಮುಖ ನೋಡಿದ್ದು ಮದುವೆಯ ಹಸೆಮಣೆಯ ಮೇಲೂ ಇಲ್ಲ.

ಮನೆಗೆ ಕಳಿಸುವ ಮುಂಚೆ ಒಬ್ಬ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದಳು. ಸೂಜಿ ಹೋದ ತೂತು ನೋಡಲು ಚಿಕ್ಕದು, ಆದರೆ ಅದು ನೇರ ರಕ್ತನಾಳಕ್ಕೆ ಹೋಗಿರುವ ದಾರಿ. ಅಲ್ಲಿ ಕೊಳೆ ಸೇರಿದರೆ ನಂಜು ರಕ್ತಕ್ಕೇ ಇಳಿಯಬಹುದು. ಹಾಗಾಗುವುದು ತೀರ ಅಪರೂಪ, ಆದರೆ ನಿಮ್ಮವರಿಗೆ ಸಕ್ಕರೆ ಕಾಯಿಲೆ ಇದೆ, ಹುಷಾರಾಗಿರಿ. ಆ ಜಾಗ ಒಣಗಿರಬೇಕು, ಎಣ್ಣೆ, ಪುಡಿ, ಸೊಪ್ಪಿನ ರಸ ಏನನ್ನೂ ಹಚ್ಚಬೇಡಿ. ಚಳಿ ಜ್ವರ ಬಂದರೆ, ಆ ಜಾಗ ಕೆಂಪಗಾದರೆ, ಬಿಸಿಯಾದರೆ, ಕೀವು ಒಸರಿದರೆ ಮನೆಯಲ್ಲೇ ಮಾತ್ರೆ ನುಂಗಿಸಿ ಕೂರಬೇಡಿ, ಹಗಲಾಗಲಿ ರಾತ್ರಿಯಾಗಲಿ ನೇರ ಇಲ್ಲಿಗೆ ಬನ್ನಿ. ನಾನು ಇನ್ನೊಂದು ಸಲ ಹೇಳಮ್ಮ ಎಂದೆ. ಅವಳು ಹೇಳಿದಳು. ಶಾಲೆಯಲ್ಲಿ ಪದ್ಯ ಬಾಯಿಪಾಠ ಮಾಡಿದ ಹಾಗೆ ಅವಳ ಮುಂದೆಯೇ ಒಪ್ಪಿಸಿದೆ. ಈ ಕಾಯಿಲೆಯಲ್ಲಿ ನನ್ನೊಬ್ಬಳಿಗೇ ಸಿಕ್ಕಿದ್ದು ಅಂತ ಒಂದಿದ್ದರೆ ಅದು ಆ ಮಾತು. ಅತ್ತಿಗೆಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಹೆಮ್ಮೆಯಲ್ಲಿ ನಮ್ಮ ತೋಟದ ಹತ್ತಿರದ ಕಿಬ್ಬನಹಳ್ಳಿಯವರೆಗೂ ನೆಟ್ಟಗೆ ಕೂತು ಬಂದೆ.

ಮನೆ ಬಾಗಿಲು ತೆರೆದಿತ್ತು. ಬೀಗದ ಕೈ ಸೂರಿನ ಯಾವ ಸಂದಿನಲ್ಲಿರುತ್ತದೆ ಎಂದು ಅತ್ತಿಗೆಗೆ ಗೊತ್ತು. ಮಂಡಿ ನೋವು ಹೇಗೋ ಏನೋ ಅಷ್ಟರಲ್ಲಿ ವಾಸಿಯಾಗಿ ಬೆಳಗಿನ ಬಸ್ಸಿಗೇ ಬಂದಿದ್ದರು. ನನ್ನ ಅಡುಗೆ ಮನೆಯ ಡಬ್ಬಗಳು ಜಾಗ ಬದಲಾಯಿಸಿದ್ದವು. ಹಿತ್ತಲಿನ ಬಚ್ಚಲಲ್ಲಿ ಹಂಡೆಯ ನೀರು ತೆಂಗಿನ ಮಟ್ಟೆಯ ಉರಿಗೆ ಕುದಿಯುತ್ತಿತ್ತು. ಒಲೆಯ ದಂಡೆಯ ಮೇಲೆ ಅತ್ತಿಗೆ ತಂದ ಎಣ್ಣೆ ಬಾಟಲಿ ಇತ್ತು.

ಆ ಎಣ್ಣೆಯ ಬಗ್ಗೆ ಹೇಳಬೇಕು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತುಂಬಿ, ಒಳಗಿನ ನೀರು ಬತ್ತಿ ಕೊಬ್ಬರಿ ಗುಂಡಾಗಿ ಕಳಚಿಕೊಳ್ಳುವವರೆಗೆ ವರ್ಷಗಟ್ಟಲೆ ಹಾಗೇ ಬಿಡುತ್ತೇವೆ. ಒಳ್ಳೆಯದು ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಕೆಟ್ಟು ಕೌಟು ಬಿದ್ದದ್ದನ್ನು ಎಣ್ಣೆಗೆ ಹಾಕುತ್ತಾರೆ. ಅತ್ತಿಗೆ ಮಾತ್ರ ಮನೆಯ ಎಣ್ಣೆಗೆ ಕೌಟು ಮುಟ್ಟುವುದಿಲ್ಲ. ಹಾಲು ಬಣ್ಣದ ಕೊಬ್ಬರಿಯನ್ನೇ ಆರಿಸಿ, ಮಿಲ್ಲಿನಲ್ಲಿ ಮುಂದೆ ನಿಂತು ಆಡಿಸಿ, ಬಿಸಿಲಿಗಿಟ್ಟು ತಿಳಿ ಮಾಡಿ ತುಂಬಿಡುತ್ತಾರೆ. ಮುಚ್ಚಳ ತೆಗೆದರೆ ಮನೆಯೆಲ್ಲ ಘಮ್ ಎನ್ನುತ್ತದೆ. ಕೂಸಿನ ಹೊಕ್ಕುಳಿಗೆ, ಕರುವಿನ ಗಾಯಕ್ಕೆ, ಒಡೆದ ಹಿಮ್ಮಡಿಗೆ ಅದೇ. ಎಣ್ಣೆ ಚೆನ್ನಾಗಿದೆ ಎಂದು ನಾನೂ ಒಪ್ಪುತ್ತೇನೆ, ಮನಸ್ಸಿನಲ್ಲಿ.

ಆಸ್ಪತ್ರೆಯಿಂದ ಬಂದವರು ಎಣ್ಣೆ ನೀರು ಹಾಕಿಸಿಕೊಳ್ಳದೆ ಮನೆಯ ಹಾಸಿಗೆ ಮುಟ್ಟಬಾರದು ಎಂಬುದು ಆ ಮನೆತನದ ಪದ್ಧತಿ. ಬಾಣಂತಿಯಾದರೂ ಸರಿ, ಕಾಲು ಮುರಿದವನಾದರೂ ಸರಿ. ನಾನು ನರ್ಸಮ್ಮನ ಪಾಠ ಒಪ್ಪಿಸಿದೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು, ಗಾಯ ನೆನೆಯಬಾರದು, ಎಣ್ಣೆ ಸೋಕಬಾರದು ಎಂದೆ. ಹೇಳಿದ ಮಾತು ಸರಿ, ಹೇಳಿದ ಗಂಟಲು ಮಾತ್ರ ಸ್ವಲ್ಪ ಎತ್ತರಕ್ಕೆ ಹೋಗಿತ್ತು. ಇಷ್ಟು ವರ್ಷ ಅತ್ತಿಗೆ ಏನು ಮಾಡಿದರೂ ಮುಖ ಸಿಂಡರಿಸಿದವಳು ನಾನು. ಅವರು ಮೆಣಸಿನಕಾಯಿ ಹುರಿದರೆ ಘಾಟು ಎಂದವಳು, ರಂಗೋಲಿ ಬಿಟ್ಟರೆ ಸೊಟ್ಟ ಎಂದವಳು. ಈಗ ನಿಜ ಹೇಳಿದರೂ ಅದು ಹೊಟ್ಟೆಕಿಚ್ಚಿನ ಮಾತಾಗಿಯೇ ಕೇಳಿಸಿತು.

"ನನ್ ಎಣ್ಣೆ ಕಂಡ್ರೆ ಇವ್ಳಿಗೆ ಮೊದಲಿಂದ್ಲೂ ಆಗಲ್ಲ," ಎಂದು ಅತ್ತಿಗೆ ತಮ್ಮನ ಕಡೆ ನೋಡಿ ನಕ್ಕರು.

"ಅಕ್ಕ ಹೇಳ್ದಂಗೆ ಮಾಡೇ," ಎಂದರು ಇವರು.

ಬಚ್ಚಲ ಕಲ್ಲಿನ ಮೇಲೆ ಟವೆಲ್ಲು ಸುತ್ತಿಕೊಂಡು ಕೂತ ತಮ್ಮನ ನೆತ್ತಿಗೆ ಅಕ್ಕ ಎಣ್ಣೆ ತಟ್ಟಿ ಬಿಸಿ ನೀರು ಹೊಯ್ದರು. ನನಗೆ ಕೊಟ್ಟ ಕೆಲಸ ಒಲೆಗೆ ಮಟ್ಟೆ ತಳ್ಳುವುದು. ಇವರು ಕಣ್ಣು ಮುಚ್ಚಿಕೊಂಡು ಹಾ ಹಾ ಎನ್ನುತ್ತಿದ್ದರು. ಆ ಹಾ ಹಾ ಕೇಳುತ್ತ ನಾನು ಹೊಗೆ ಕುಡಿದೆ. ಸ್ನಾನವಾದ ಮೇಲೆ ಅತ್ತಿಗೆ ಅರಿಶಿನ ಹಾಕಿದ ಎಣ್ಣೆಯನ್ನು ಬಟ್ಟಲಲ್ಲಿ ಬೆಚ್ಚಗೆ ಮಾಡಿ, ಹತ್ತಿ ಅದ್ದಿ, ತೂತಿನ ಮೇಲೆ ಇಡೆಂದು ನನಗೆ ಕೊಟ್ಟರು. ನಾನು ಕೈ ಹಿಂದೆ ಕಟ್ಟಿಕೊಂಡೆ. ತೊಡೆ ಸಂದಿನ ಗಾಯ, ಅಕ್ಕನಾದವರು ಕೈ ಹಾಕುವ ಜಾಗವಲ್ಲ. ಅವರು ಬಾಗಿಲಾಚೆ ಮುಖ ತಿರುಗಿಸಿ ನಿಂತು ಬಟ್ಟಲು ಚಾಚಿದರು, ಇವರೇ ಹತ್ತಿ ತೆಗೆದು ಇಟ್ಟುಕೊಂಡರು. "ಹೊಕ್ಳು ಒಣಗಿಸ್ದೋಳು ನಾನು, ಇದೊಂದು ಸೂಜಿ ತೂತು ಒಣಗಿಸ್ನಾರ್ನಾ," ಎಂದು ಅತ್ತಿಗೆ ಬಾಗಿಲಾಚೆಯಿಂದ ಹೇಳಿದರು. ಅದು ದಿನವೂ ನಡೆಯಿತು.

ಆ ದಿನಗಳಲ್ಲಿ ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅವರಿಬ್ಬರನ್ನೂ ಕಾದೆ. ಗಾಯದ ಚಿಂತೆ ಎಷ್ಟೋ, ಅತ್ತಿಗೆ ಇನ್ನೇನು ಕಿತ್ತುಕೊಳ್ಳುತ್ತಾರೋ ಎಂಬ ಚಿಂತೆಯೂ ಅಷ್ಟೇ. ಮಾತ್ರೆ ಕೊಡುವ ಕೆಲಸ ಮಾತ್ರ ಬಿಡಲಿಲ್ಲ. ರಕ್ತ ತೆಳುವಾಗಿಡುವ ಮಾತ್ರೆ ಒಂದು ಹೊತ್ತೂ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರು. ಮಾತ್ರೆಯ ಡಬ್ಬಿಯನ್ನು ನನ್ನ ಸೊಂಟದ ಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ.

ಒಂದು ಮಧ್ಯಾಹ್ನ ಅಂಗಳದಲ್ಲಿ ಆಳುಗಳು ಕಾಯಿ ಸುಲಿಯುತ್ತಿದ್ದರು. ಇವರು ಜಗಲಿಯ ಮೇಲೆ ಬಿಸಿಲಿಗೆ ಕೂತು ನೋಡುತ್ತಿದ್ದರು. ಒಳ್ಳೆ ಸುಡುವ ಬಿಸಿಲು. ಇದ್ದಕ್ಕಿದ್ದಂತೆ ಅವರ ಗದ್ದ ಅದುರಲು ಶುರುವಾಯಿತು, ಹಲ್ಲು ಕಟಕಟ ಎಂದವು, ಮೈಯೆಲ್ಲ ಗಡಗಡ ನಡುಗಿತು. ನಾನು ಓಡಿ ಬರುವಷ್ಟರಲ್ಲಿ ಅತ್ತಿಗೆ ಚಿಕ್ಕನಾಯಕನಹಳ್ಳಿಯ ಕುರಿ ಕಂಬಳಿ ಹೊದಿಸಿ ಆಗಿತ್ತು. ಆಸ್ಪತ್ರೆಯ ಏಸಿ ಗಾಳಿಯ ಶೀತ ಈಗ ಹೊರಗೆ ಬರ್ತಾ ಇದೆ ಎಂದರು. ಶುಂಠಿ ಮೆಣಸಿನ ಕಷಾಯ ಮಾಡಿ ಕುಡಿಸಿ, ಜ್ವರದ ಮಾತ್ರೆಯನ್ನೂ ತಾವೇ ನುಂಗಿಸಿದರು. ಸಂಜೆಗೆ ಬೆವರು ಬಿಟ್ಟು ಜ್ವರ ಇಳಿಯಿತು. ಅತ್ತಿಗೆಯ ಮುಖ ನೋಡಬೇಕಿತ್ತು, ಹಬ್ಬದ ದೀಪ ಹಚ್ಚಿಟ್ಟ ಹಾಗಿತ್ತು.

ಮಾರನೆಯ ಬೆಳಿಗ್ಗೆ ಚಳಿ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಪಂಚೆ ಬದಲಾಯಿಸಿಕೊಡುವ ನೆಪದಲ್ಲಿ ನಾನು ಹತ್ತಿಯನ್ನು ಕಿತ್ತು ನೋಡಿದೆ. ತೂತಿನ ಸುತ್ತ ಕೆಂಪಗೆ ಊದಿತ್ತು. ಕೈಯ ಹಿಂಭಾಗ ತಾಗಿಸಿದರೆ ಅಲ್ಲಿ ಮಾತ್ರ ಬೇರೆಯೇ ಬಿಸಿ. ಎಣ್ಣೆಯ ಜಿಡ್ಡಿನ ನಡುವೆ ಏನೋ ಹಳದಿಯಾಗಿ ಒಸರುತ್ತಿತ್ತು, ಅರಿಶಿನವೋ ಕೀವೋ ಗೊತ್ತಾಗುವಂತಿರಲಿಲ್ಲ. ನರ್ಸಮ್ಮ ಹೇಳಿದ್ದೆಲ್ಲ ಒಂದೊಂದಾಗಿ ನನ್ನ ಕಣ್ಣ ಮುಂದೆ ಇತ್ತು. ಹಿತ್ತಲಿಗೆ ಹೋಗಿ ಆಸ್ಪತ್ರೆಗೆ ಫೋನು ಮಾಡಿದೆ. ಒಂದು ಗಳಿಗೆಯೂ ತಡ ಮಾಡಬೇಡಿ, ಹೊರಡಿ ಎಂದರು.

ಒಳಗೆ ಬಂದು ಹೇಳಿದೆ. ಇವರು ಕಂಬಳಿಯೊಳಗಿಂದಲೇ, ಸುಮ್ನಿರೇ, ಅಕ್ಕ ನೋಡ್ಕೊತಾಳೆ ಎಂದರು. ಅತ್ತಿಗೆ ಇವತ್ತು ಮಂಗಳವಾರ, ಆಸ್ಪತ್ರೆಯಿಂದ ಬಂದವನನ್ನು ಮಂಗಳವಾರ ತಿರುಗಿ ಆಸ್ಪತ್ರೆಗೆ ಹೊರಡಿಸುವುದು ಒಳ್ಳೆಯದಲ್ಲ, ನಾಳೆ ನೋಡಾಣ ಎಂದರು. ನಾನು ಕೂಗಾಡಿದೆ. ನಿಮ್ಮ ಎಣ್ಣೆಯಿಂದಲೇ ಹೀಗಾಗಿದ್ದು ಎಂದೆ. ಹಾಗೆಂದ ತಕ್ಷಣ ಅತ್ತಿಗೆ ಎದ್ದು ಹಿತ್ತಲಿಗೆ ಹೋದರು, ಇವರು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಹೊರಡಿ ಎಂದಷ್ಟೂ ಆ ಮನೆಯಲ್ಲಿ ಯಾರೂ ಹೊರಡುವುದಿಲ್ಲ ಎಂದು ನನಗೆ ಗೊತ್ತಾಯಿತು.

ನೀರು ಕುಡಿಯಲು ಅಡುಗೆ ಮನೆಗೆ ಹೋದಾಗ ಕಿಟಕಿಯಿಂದ ಅತ್ತಿಗೆ ಕಂಡರು. ಬಚ್ಚಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಎಣ್ಣೆಯ ಬಟ್ಟಲನ್ನು ಬೂದಿ ಹಾಕಿ ತಿಕ್ಕುತ್ತಿದ್ದರು. ಮಂಡಿ ನೋವಿನವರು ಹಾಗೆ ಕೂರುವುದಿಲ್ಲ. ಬಟ್ಟಲು ಬೆಳ್ಳಗಾದ ಮೇಲೂ ತಿಕ್ಕುತ್ತಲೇ ಇದ್ದರು. ಅವರಿಗೂ ಗೊತ್ತಾಗಿದೆ ಎಂದು ಆಗ ನನಗೆ ಅನ್ನಿಸಿತು. ಭಯವಾಗಿದೆ, ಆದರೆ ನಾನು ಹೇಳಿದ್ದಕ್ಕೆ ಎದ್ದು ಹೊರಟರೆ ತಮ್ಮನ ಜೀವಕ್ಕೆ ತಾವೇ ಕುತ್ತು ತಂದೆವು ಎಂದು ಎಲ್ಲರ ಮುಂದೆ ಒಪ್ಪಿಕೊಂಡ ಹಾಗೆ. ಬೇರೆಯವರ ಮುಂದೆಯಾದರೆ ಒಪ್ಪುತ್ತಿದ್ದರೇನೋ, ನನ್ನ ಮುಂದೆ ಒಪ್ಪುವವರಲ್ಲ. ನಾನಾದರೂ ಅವರ ಮುಂದೆ ಒಪ್ಪುತ್ತಿದ್ದೆನೇ?

ಗೆಲ್ಲುವ ಆಸೆ ನನಗೆ ಬಹಳವಿತ್ತು. ಇಷ್ಟು ವರ್ಷದ ಮೇಲೆ ಒಂದು ಸಲ ನಾನು ಹೇಳಿದ್ದು ಸರಿ, ಅವರು ಮಾಡಿದ್ದು ತಪ್ಪು ಎಂದು ನನ್ನ ಗಂಡನ ಬಾಯಿಂದ ಕೇಳುವ ಆಸೆ. ಅದು ಕೈಗೆ ಸಿಗುವಷ್ಟು ಹತ್ತಿರ ಬಂದಿತ್ತು. ಕಾಯುತ್ತ ಕೂತರೆ ನನ್ನ ಮಾತು ನಿಜವಾಗಿಯೇ ಆಗುತ್ತಿತ್ತು, ಕೇಳಿಸಿಕೊಳ್ಳುವ ಗಂಡ ಇರುತ್ತಿರಲಿಲ್ಲ.

ಹಿತ್ತಲಿಗೆ ಹೋಗಿ ಅತ್ತಿಗೆಯ ಪಕ್ಕದಲ್ಲಿ ನಾನೂ ಕುಕ್ಕರಗಾಲಿನಲ್ಲಿ ಕೂತೆ.

"ಅತ್ತಿಗೆ, ನನ್ನ ಮಾತು ಅವರು ಕೇಳಲ್ಲ. ನಿಮ್ಮ ಮಾತು ಕೇಳ್ತಾರೆ. ನೀವೇ ಕರ್ಕೊಂಡು ಹೋಗಿ," ಎಂದೆ.

ಅವರು ಬಟ್ಟಲಿನ ಮೇಲಿಂದ ಕಣ್ಣೆತ್ತಲಿಲ್ಲ. "ನೀನು?" ಎಂದರು.

"ನಾನು ಬರಲ್ಲ. ನಾನು ಬಂದ್ರೆ ಇಬ್ರೂ ದಾರೀಲಿ ಕಿತ್ತಾಡ್ತೀವಿ. ನಿಮಗೇ ಅನುಮಾನ ಬಂತು, ನೀವೇ ಹೊರಡಿಸಿದ್ರಿ ಅಂತ ಎಲ್ಲರಿಗೂ ಹೇಳ್ತೀನಿ."

ಅತ್ತಿಗೆ ಬಟ್ಟಲು ಬೋರಲು ಹಾಕಿದರು. ಕೈಯ ಬೂದಿ ತೊಳೆದುಕೊಂಡು, "ಅಲ್ಲಿ ಏನಂತ ಹೇಳ್ಬೇಕೇ?" ಎಂದು ಕೇಳಿದರು. ದನಿ ಸಣ್ಣಗಾಗಿತ್ತು.

ನರ್ಸಮ್ಮ ನನಗೊಬ್ಬಳಿಗೇ ಹೇಳಿದ ಮಾತುಗಳನ್ನು ನಾನು ಅಲ್ಲೇ ಬಚ್ಚಲ ಕಲ್ಲಿನ ಪಕ್ಕ ಕೂತು ಅತ್ತಿಗೆಗೆ ಕಲಿಸಿದೆ. ತೊಡೆಯಿಂದ ಸ್ಟೆಂಟ್ ಹಾಕಿದ್ದು ಹೇಳಿ, ಸಕ್ಕರೆ ಕಾಯಿಲೆ ಹೇಳಿ, ನಡುಗಿಸಿಕೊಂಡು ಜ್ವರ ಬಂದದ್ದು ಹೇಳಿ, ಗಾಯ ಕೆಂಪಗೆ ಬಿಸಿಯಾಗಿರುವುದು ಹೇಳಿ. ಎಣ್ಣೆ ಹಚ್ಚಿದ್ದು, ನೀರು ಹಾಕಿದ್ದು, ಜ್ವರದ ಮಾತ್ರೆ ಕೊಟ್ಟದ್ದೂ ಹೇಳಬೇಕು ಎಂದೆ. ಎಣ್ಣೆ ವಿಷಯವನ್ನೂ ಹೇಳಬೇಕಾ ಎಂದು ಕೇಳಿದರು. ಮುಚ್ಚಿಟ್ಟರೆ ಔಷಧಿ ತಪ್ಪಬಹುದು ಎಂದೆ. ಅವರು ತಲೆಯಾಡಿಸಿ ಎಲ್ಲವನ್ನೂ ಒಂದು ಸಲ ತಿರುಗಿ ಒಪ್ಪಿಸಿದರು. ನನಗಿಂತ ಬೇಗ ಕಲಿತರು, ಅದಕ್ಕೂ ನನಗೆ ಉರಿಯಿತು. ಕೊನೆಗೆ ನನ್ನ ಸೊಂಟದ ಚೀಲದಿಂದ ಮಾತ್ರೆಯ ಡಬ್ಬಿ ಬಿಚ್ಚಿ ಅವರ ಕೈಗೆ ಕೊಟ್ಟೆ.

ಅತ್ತಿಗೆ ಒಳಗೆ ಹೋಗಿ, ಏಳಪ್ಪ ಹೊರಡಾಣ, ನಂಗ್ಯಾಕೋ ಸರಿ ಕಾಣ್ತಿಲ್ಲ ಎಂದದ್ದೇ ತಡ, ಇವರು ಎದ್ದು ಕೂತರು. ಮಂಗಳವಾರದ ಮಾತು ಯಾರೂ ಎತ್ತಲಿಲ್ಲ. ಪಕ್ಕದ ತೋಟದವರು ಕಾರು ತಂದರು. ಹಿಂದಿನ ಸೀಟಿನಲ್ಲಿ ಅತ್ತಿಗೆ ಕೂತು ತಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು, ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದರು. ನಾನು ಬಟ್ಟೆಯ ಬ್ಯಾಗನ್ನು ಕಿಟಕಿಯಿಂದ ಕೊಟ್ಟೆ. ಇವರ ಕಣ್ಣು ಅರ್ಧ ಮುಚ್ಚಿತ್ತು, ನನ್ನ ಕಡೆ ನೋಡಲಿಲ್ಲ. ಕಾರು ತೋಟದ ದಾರಿ ದಾಟಿ ಟಾರು ರಸ್ತೆಗೆ ಸೇರುವವರೆಗೂ ನಿಂತಿದ್ದೆ. ಆ ಸೀಟು ನನ್ನದು, ಆ ತಲೆ ಇರಬೇಕಾದ್ದು ನನ್ನ ತೊಡೆಯ ಮೇಲೆ ಎಂದು ಕೂಗಬೇಕೆನ್ನಿಸಿತು. ಕಾಯಿ ಸುಲಿಯುವ ಆಳು ನೀವು ಹೋಗಲಿಲ್ವಾ ಅಮ್ಮ ಎಂದು ಕೇಳಿದ. ಹಸು ಕರೆಯೋರು ಯಾರಪ್ಪ ಎಂದೆ.

ಅವತ್ತು ನಾನು ಮಾಡಿದ ಕೆಲಸಕ್ಕೆ ತಲೆಬುಡವಿಲ್ಲ. ಗುಡಿಸಿದ ಅಂಗಳವನ್ನೇ ಗುಡಿಸಿದೆ. ಅಡುಗೆ ಮನೆಯ ಡಬ್ಬಗಳನ್ನೆಲ್ಲ ಹಳೆಯ ಜಾಗಕ್ಕೆ ತಿರುಗಿ ಇಟ್ಟೆ. ಫೋನು ಒಲೆಯ ಪಕ್ಕದಲ್ಲೇ ಇತ್ತು. ಅವರು ಉಳಿಯಲಿ ಎಂದು ದೇವರಲ್ಲಿ ಬೇಡಿದೆ. ಉಳಿದರೆ ಅದು ಅತ್ತಿಗೆಯಿಂದ ಉಳಿದ ಹಾಗಾಗುತ್ತದಲ್ಲ ಎಂದು ಅದೇ ಉಸಿರಿನಲ್ಲಿ ಸಂಕಟಪಟ್ಟೆ. ದೇವರಿಗೂ ನನ್ನ ಪ್ರಾರ್ಥನೆ ಅರ್ಥವಾಗಿರಲಿಕ್ಕಿಲ್ಲ.

ಸಂಜೆ ಹಾಲು ಕರೆಯುವ ಹೊತ್ತಿಗೆ ಅತ್ತಿಗೆಯ ಫೋನು ಬಂತು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ, ನರದಲ್ಲಿ ಔಷಧಿ ಹತ್ತಿಸಿದ್ದಾರೆ, ಬಿಪಿ ತುಂಬ ಇಳಿದಿತ್ತಂತೆ ಎಂದರು. ಆಮೇಲೆ ರಕ್ತದಲ್ಲಿ ನಂಜಿನ ಕ್ರಿಮಿ ಇರುವುದು ಗೊತ್ತಾಯಿತು. ಹೃದಯದ ಕವಾಟಕ್ಕೆ ಏನಾದರೂ ಕೂತಿದೆಯೋ ಎಂದು ಸ್ಕ್ಯಾನ್ ಮಾಡಿ ನೋಡಿದರು, ಸದ್ಯ ಇರಲಿಲ್ಲ. ವಾರಗಟ್ಟಲೆ ನರದಲ್ಲೇ ಔಷಧಿ ಕೊಡಬೇಕೆಂದು ಇಟ್ಟುಕೊಂಡರು. ಇನ್ನೊಂದು ದಿನ ತಡ ಮಾಡಿದ್ದರೆ ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ ಎಂದು ಡಾಕ್ಟರು ಅತ್ತಿಗೆಗೆ ಹೇಳಿದರಂತೆ.

ಹಸು ನೋಡಿಕೊಳ್ಳಲು ಜನ ಮಾಡಿ ನಾನು ಬಸ್ಸಿನಲ್ಲಿ ತುಮಕೂರಿಗೆ ಹೋದಾಗ, ನನ್ನ ಸ್ಟೂಲಿನ ಮೇಲೆ ಅತ್ತಿಗೆ ಕೂತಿದ್ದರು. ಡಾಕ್ಟರನ್ನು ಕಂಡು, ಎಣ್ಣೆಯಿಂದಲೇ ಹೀಗಾಯಿತೇ ಎಂದು ಕೇಳಿದೆ. ಅಷ್ಟಾದರೂ ನನಗೆ ಸಿಗಲಿ ಎಂದು. ನೆನೆಸಬಾರದಿತ್ತು, ಎಣ್ಣೆ ಹಚ್ಚಬಾರದಿತ್ತು, ಆದರೆ ಕ್ರಿಮಿ ಎಲ್ಲಿಂದ ಒಳಗೆ ಹೋಯಿತು ಎಂದು ಗಟ್ಟಿಯಾಗಿ ಹೇಳಲಾಗುವುದಿಲ್ಲ, ಸಕ್ಕರೆ ಇರುವವರಿಗೆ ಎಚ್ಚರಿಕೆಯಿಂದ ಇದ್ದರೂ ಒಮ್ಮೊಮ್ಮೆ ಆಗುತ್ತದೆ ಎಂದರು. ಅದೂ ಸಿಗಲಿಲ್ಲ. ಹೊರಗೆ ಬಂದರೆ ನನಗೆ ಪಾಠ ಹೇಳಿದ ಅದೇ ನರ್ಸಮ್ಮ ಎದುರಾದಳು.

"ನಿಮ್ಮ ಅತ್ತಿಗೆ ಭಾಳ ಹುಷಾರು ಕಣಮ್ಮ. ಒಂದೂ ಬಿಡದೆ ಎಲ್ಲ ಕರೆಕ್ಟಾಗಿ ಹೇಳಿದ್ರು," ಎಂದಳು.

ನಾನು ನಕ್ಕೆ. ಇನ್ನೇನು ಮಾಡಲಿ. ಆ ನರ್ಸಮ್ಮನೂ ನನ್ನವಳಾಗಿ ಉಳಿಯಲಿಲ್ಲ.

ಅವರು ಸೊರಗಿ ಮನೆಗೆ ಬಂದ ಮೇಲೆ ನೋಡಲು ಬರುವವರ ಸಾಲು ಶುರುವಾಯಿತು. ಬಂದವರಿಗೆಲ್ಲ ಇವರು ಜಗಲಿಯ ಮೇಲೆ ದಿಂಬಿಗೆ ಒರಗಿಕೊಂಡು ಒಂದೇ ಕಥೆ ಹೇಳಿದರು. ನಮ್ಮಕ್ಕ ಇಲ್ದಿದ್ರೆ ನಾನಿರ್ತಿರಲಿಲ್ಲ, ನಮ್ಮಕ್ಕನ ಕಣ್ಣಿಗೆ ಬಿತ್ತು, ನಮ್ಮಕ್ಕ ಎಬ್ಬಿಸ್ಕೊಂಡು ಹೋದಳು. ನಾನು ಕೊಟ್ಟ ಮಾತಿನಂತೆ ಹೂಂ ಹೌದು ಎನ್ನುತ್ತ ಕಾಫಿ ಲೋಟ ತಂದಿಟ್ಟೆ. ಅತ್ತಿಗೆ ಮಾತ್ರ ಆ ಹೊಗಳಿಕೆಗೆ ಬಾಯಿ ಬಿಡಲಿಲ್ಲ. ಹೂಂ ಬುಡು ಬುಡು ಎಂದು ಒಳಗೆ ಎದ್ದು ಹೋಗುತ್ತಿದ್ದರು. ಈ ಸಲ ಎಣ್ಣೆ ನೀರಿನ ಮಾತು ಬರಲಿಲ್ಲ. ಎಣ್ಣೆಯ ಬಾಟಲಿ ಒಲೆಯ ದಂಡೆಯಿಂದ ಹೋಗಿ ಅವರ ಚೀಲ ಸೇರಿತ್ತು. ಗಾಯ ನೋಡೋದು ನೀನೇ ನೋಡ್ಕೊಳ್ಳೇ ಎಂದು ಒಂದು ಸಲ ಹೇಳಿದರು, ಅಷ್ಟೇ.

ಅತ್ತಿಗೆ ಊರಿಗೆ ಹೊರಟ ದಿನ ಬಸ್ಸು ಹತ್ತಿಸಲು ನಾನು ಕಿಬ್ಬನಹಳ್ಳಿ ಕ್ರಾಸಿಗೆ ಹೋದೆ. ಅಂಗಡಿಯ ನೆರಳಿನಲ್ಲಿ ಇಬ್ಬರೂ ನಿಂತೆವು. ಲಾರಿಗಳು ಕಾಯಿ ತುಂಬಿಕೊಂಡು ಹೋಗುತ್ತಿದ್ದವು. ಅತ್ತಿಗೆ ರಸ್ತೆಯನ್ನೇ ನೋಡುತ್ತ, ನನ್ನ ಕಡೆ ತಿರುಗದೆಯೇ ಮಾತಾಡಿದರು.

"ಅವತ್ತು ಕಾರಲ್ಲಿ ನೀನು ಬರ್ಬೇಕಾಗಿತ್ತು ಕಣೇ. ಜ್ವರದಲ್ಲಿ ನಿನ್ನೇ ಕರೀತಿದ್ದ. ನಿನ್ ಹೆಸರಿಡಿದು."

ನಾನು ಏನಂತ ಎಂದು ಕೇಳಿದೆ. ಸರಿಯಾಗಿ ಕೇಳಿಸಿರಲಿಲ್ಲವೆಂದಲ್ಲ.

"ಹೆಸರಿಡಿದು ಕಣೇ. ಗುಬ್ಬಿ ದಾಟೋಗಂಟ ಅದೇ. ಅಕ್ಕ ಇದೀನಿ ಕಣಪ್ಪ ಅಂದೆ. ನೀನಲ್ಲ, ಅವಳ್ನ ಕರಿ ಅಂದ." ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಎತ್ತಿ ಆಡ್ಸಿದೋಳು ನಾನು. ಹೊಟ್ಟೆ ಉರ್ದೋಯ್ತು ನಂಗೆ. ಅದ್ಕೇ ಇಷ್ಟು ದಿನ ಹೇಳ್ಲಿಲ್ಲ."

ತುರುವೇಕೆರೆ ಬಸ್ಸು ಬಂತು. ಅತ್ತಿಗೆ ಚೀಲ ಎತ್ತಿಕೊಂಡು, ಬತ್ತೀನಿ ಕಣೇ ಎಂದು ಹತ್ತಿದರು. ಕಿಟಕಿಯ ಪಕ್ಕ ಕೂತು ಕೈಯಾಡಿಸಿದರು. ನಾನೂ ಆಡಿಸಿದೆ.

ತೋಟದ ದಾರಿಯಲ್ಲಿ ನಡೆಯುತ್ತ ನನ್ನ ಹೆಸರನ್ನು ಗಂಡನ ಗಂಟಲಿನಲ್ಲಿ ಹೇಳಿ ನೋಡಿದೆ. ಸರಿ ಬರಲಿಲ್ಲ. ಉದ್ದ ಎಳೆದರೋ, ಮೊಟಕಾಗಿ ಕರೆದರೋ, ಕೊನೆಯ ಅಕ್ಷರ ಹೇಗೆ ಬಿಟ್ಟರೋ, ಕೇಳಬೇಕಿತ್ತು ಅತ್ತಿಗೆಯನ್ನು. ಮದುವೆಯಾದಾಗಿನಿಂದ ನಾನು ಕಾದದ್ದು ಆ ಕಾರಿನೊಳಗೆ ನಡೆದುಹೋಗಿತ್ತು. ಅದನ್ನು ಕೇಳಿದ ಕಿವಿ ಆಗ ತುರುವೇಕೆರೆ ಬಸ್ಸಿನಲ್ಲಿ ಕೂತು ಹೋಗುತ್ತಿತ್ತು.

ಇವರು ಜಗಲಿಯ ಮೇಲೆ ಕೂತಿದ್ದರು. ನಾನು ಮೆಟ್ಟಿಲ ಹತ್ತಿರ ಬಂದು, ಕರೆಯುತ್ತಾರೇನೋ ಎಂದು ಸ್ವಲ್ಪ ಹೊತ್ತು ನಿಂತೆ.

"ಲೇ, ಅಕ್ಕಂಗೆ ಸೀಟು ಸಿಕ್ತಾ?" ಎಂದರು.

ಸಿಕ್ತು ಎಂದೆ.